ಮನೆಯ ತರಕಾರಿ ಸೂಪ್ ಕೆಟ್ಟಾಗ: ಹಾಸನ, ಚಿಕ್ಕಮಗಳೂರಿನ ಅಡುಗೆಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ಪುನರ್ವಸು, ಪುಷ್ಯ ಮಳೆಗಳು ಹಿಡಿದುಕೊಂಡ ಮೇಲೆ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಮನೆಗಳಲ್ಲಿ ಸಂಜೆಯ ಹೊತ್ತಿಗೆ ಬಿಸಿಯಾದದ್ದೇನಾದರೂ ಒಲೆಯ ಮೇಲೆ ಇರಲೇಬೇಕು. ಸಾರು, ಕಷಾಯಗಳ ಜೊತೆಗೆ ಈಗ ತರಕಾರಿ ಸೂಪ್ ಕೂಡ ಆ ಸಾಲಿಗೆ ಸೇರಿದೆ. ಶೀತ ಹಿಡಿದವರಿಗೆ, ಬಾಯಿರುಚಿ ಕೆಟ್ಟ ಹಿರಿಯರಿಗೆ, ತರಕಾರಿ ಕಂಡರೆ ಮುಖ ತಿರುಗಿಸುವ ಮಕ್ಕಳಿಗೆ ಇಷ್ಟು ಸುಲಭವಾಗಿ ಒಳಗೆ ಹೋಗುವ ಆಹಾರ ಬೇರೆ ಕಡಿಮೆ. ಆದರೆ ಮಾಡಿದ ಸೂಪ್ ಸರಿಹೋಗದಿದ್ದಾಗ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಸಪ್ಪೆಯೆನಿಸಿದರೆ ಉಪ್ಪು, ಉಪ್ಪಾದರೆ ನೀರು, ತೆಳುವಾದರೆ ಕಾರ್ನ್‌ಫ್ಲೋರ್, ಗಟ್ಟಿಯಾದರೆ ಮತ್ತೆ ನೀರು. ಕೊನೆಗೆ ಪಾತ್ರೆ ತುಂಬುತ್ತದೆಯೇ ಹೊರತು ದೋಷ ಎಲ್ಲಿತ್ತು ಎಂಬುದು ತಿಳಿಯುವುದಿಲ್ಲ. ಸೂಪಿನ ದೋಷಗಳಲ್ಲಿ ಬಹುಪಾಲು ಪದಾರ್ಥ ಬೀಳಬೇಕಾದ ಹೊತ್ತು ತಪ್ಪಿದ್ದರಿಂದ ಹುಟ್ಟುತ್ತವೆ. ಆದ್ದರಿಂದ ಮತ್ತೇನನ್ನಾದರೂ ಸೇರಿಸುವ ಮೊದಲು, ಯಾವುದು ಯಾವಾಗ ಪಾತ್ರೆಗೆ ಬಿದ್ದಿತು ಎಂದು ಹಿಂದಕ್ಕೆ ಎಣಿಸಿ ನೋಡುವುದೇ ಪತ್ತೆಯ ದಾರಿ.

ಹೋಲಿಸಿ ನೋಡಲು ಒಂದು ಅಳತೆ

ದೋಷ ಹುಡುಕಲು ಸರಿಯಾದದ್ದು ಹೇಗಿರುತ್ತದೆ ಎಂಬುದು ಗೊತ್ತಿರಬೇಕು. ನಾಲ್ವರಿಗೆ ಒಂದು ಲೀಟರ್ ನೀರು, 400ರಿಂದ 500 ಗ್ರಾಂ ಹೆಚ್ಚಿದ ತರಕಾರಿ, ಒಂದು ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಬೆರಳಿನ ಗೆಣ್ಣಿನಷ್ಟು ಶುಂಠಿ, ಒಂದು ಹಿಡಿ ಹೆಸರುಬೇಳೆ, ಎರಡು ಸಣ್ಣ ಚಮಚ ಎಣ್ಣೆ ಅಥವಾ ತುಪ್ಪ ಸಾಕು. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಬಾಡಿಸಿ, ಬೆಳ್ಳುಳ್ಳಿ ಶುಂಠಿಯನ್ನು ಅದರ ಬೆನ್ನಿಗೆ ಹಾಕಿ, ಪರಿಮಳ ಬಂದೊಡನೆ ಬಿಸಿನೀರು ಹೊಯ್ಯಬೇಕು. ಮೊದಲು ಬೇಳೆ, ಅದು ಅರೆಬೆಂದ ಮೇಲೆ ಗಜ್ಜರಿ, ನವಿಲುಕೋಸು, ಆಲೂಗಡ್ಡೆಗಳಂಥ ಗಟ್ಟಿ ತರಕಾರಿ, ಆಮೇಲೆ ಹುರುಳಿಕಾಯಿ ಮತ್ತು ಸೀಮೆಬದನೆ, ಅವು ಬೆಂದ ನಂತರ ಟೊಮೆಟೊ, ಇಳಿಸುವ ಎರಡು ಮೂರು ನಿಮಿಷ ಮೊದಲು ಸೊಪ್ಪು. ಒಲೆ ಆರಿಸಿದ ಮೇಲೆ ಕುಟ್ಟಿದ ಕಾಳುಮೆಣಸು ಮತ್ತು ನಿಂಬೆರಸ. ಕೆಳಗೆ ಹೇಳುವ ಪ್ರತಿಯೊಂದು ದೋಷವೂ ಈ ಕ್ರಮದ ಯಾವುದೋ ಒಂದು ಹೆಜ್ಜೆ ಹಿಂದುಮುಂದಾದದ್ದರ ಗುರುತು ಎಂದೇ ಬಹುತೇಕ ಹೇಳಬಹುದು.

ಇನ್ನೊಂದು ಉಪಾಯ ಯಾವಾಗಲೂ ಕೈಯಲ್ಲಿರಲಿ. ರುಚಿ ಸರಿಯಿಲ್ಲವೆನಿಸಿದಾಗ ಇಡೀ ಪಾತ್ರೆಯನ್ನು ಮುಟ್ಟದೆ, ಮೂರು ಸಣ್ಣ ಬಟ್ಟಲುಗಳಿಗೆ ಅರ್ಧರ್ಧ ಸೌಟು ಸೂಪ್ ತೆಗೆದುಕೊಂಡು, ಒಂದಕ್ಕೆ ಚಿಟಿಕೆ ಉಪ್ಪು, ಇನ್ನೊಂದಕ್ಕೆ ನಾಲ್ಕು ಹನಿ ನಿಂಬೆರಸ, ಮತ್ತೊಂದಕ್ಕೆ ಎರಡು ಹನಿ ತುಪ್ಪ ಹಾಕಿ ರುಚಿ ನೋಡಬೇಕು. ಯಾವ ಬಟ್ಟಲು ಸರಿಯೆನಿಸಿತೋ ಕೊರತೆ ಅದೇ. ಮೂರೂ ಸರಿಯಾಗದಿದ್ದರೆ ದೋಷ ಮಸಾಲೆಯದ್ದಲ್ಲ, ತರಕಾರಿಯದ್ದು ಅಥವಾ ಬೆಂದ ರೀತಿಯದ್ದು.

ಸೂಪ್ ಕಹಿಯಾದರೆ

ಈ ಒಂದು ದೋಷವನ್ನು ಎಲ್ಲಕ್ಕಿಂತ ಮೊದಲು ನೋಡಬೇಕು, ಏಕೆಂದರೆ ಇಲ್ಲಿ ಕೆಡುವುದು ರುಚಿ ಮಾತ್ರವಲ್ಲ. ಸೋರೆಕಾಯಿ, ಹೀರೆಕಾಯಿ, ಸೌತೆಕಾಯಿ, ಕುಂಬಳದ ಜಾತಿಯ ಕಾಯಿಗಳಲ್ಲಿ ಒಮ್ಮೊಮ್ಮೆ ಕುಕುರ್ಬಿಟಾಸಿನ್ ಎಂಬ ಕಹಿ ವಿಷಾಂಶ ಅತಿಯಾಗಿ ಸೇರಿರುತ್ತದೆ. ಹೊರಗಿನಿಂದ ನೋಡಿದರೆ ಕಾಯಿಯಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ, ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಅಂಥ ಸೋರೆಕಾಯಿಯ ರಸ ಕುಡಿದವರಿಗೆ ಹೊಟ್ಟೆನೋವು, ವಾಂತಿ, ಭೇದಿ, ಕೆಲವರಿಗೆ ರಕ್ತವಾಂತಿ ಮತ್ತು ರಕ್ತದೊತ್ತಡ ಕುಸಿತ ಆದದ್ದಿದೆ. ನಮ್ಮ ದೇಶದಲ್ಲಿ ಸಾವುಗಳೂ ಸಂಭವಿಸಿವೆ. ಆದ್ದರಿಂದ ಸೋರೆಕಾಯಿ ಸೂಪ್ ಕಹಿಯಾಗಿದ್ದರೆ ಬೆಲ್ಲ ಹಾಕಿ, ಹಾಲು ಹಾಕಿ ಸರಿಪಡಿಸುವ ಯೋಚನೆಯನ್ನೇ ಮಾಡದೆ ಅಷ್ಟನ್ನೂ ಚೆಲ್ಲಿಬಿಡಬೇಕು. ಆರೋಗ್ಯಕ್ಕೆ ಒಳ್ಳೆಯದು ಎಂದು ಕಣ್ಣುಮುಚ್ಚಿ ಕುಡಿಯುವವರು ನಮ್ಮ ನಡುವೆ ಇದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳುವುದು ಮನೆಯವರ ಹೊಣೆ. ಕುಡಿದ ಮೇಲೆ ವಾಂತಿ ಶುರುವಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಹೆಚ್ಚುವ ಮೊದಲು ಕಾಯಿಯ ಎರಡೂ ತುದಿಯಿಂದ ಚೂರು ಕತ್ತರಿಸಿ ನಾಲಿಗೆಗೆ ತಾಗಿಸಿ ಉಗುಳಿಬಿಡುವುದೇ ಇದಕ್ಕಿರುವ ಪರೀಕ್ಷೆ. ಹಾಗಲಕಾಯಿಯ ಸಹಜ ಕಹಿ ಬೇರೆ, ಅದನ್ನು ಇದರೊಂದಿಗೆ ಸೇರಿಸಿ ಹೆದರಬೇಕಾಗಿಲ್ಲ.

ಎರಡನೆಯ ಅನುಮಾನ ಆಲೂಗಡ್ಡೆಯ ಮೇಲೆ. ಹಾಸನ ಜಿಲ್ಲೆ ಆಲೂಗಡ್ಡೆಯ ನಾಡು. ಮುಂಗಾರಿನ ಹೊತ್ತಿಗೆ ನೆಟ್ಟ ಬೆಳೆ ಮಳೆಗಾಲದ ಕೊನೆಗೆ ಸಂತೆಗಳಿಗೆ ಬರುತ್ತದೆ. ಮಣ್ಣಿನಿಂದ ಹೊರಗಿಣುಕಿ ಬಿಸಿಲು ಕಂಡ ಗೆಡ್ಡೆಯೂ, ಅಂಗಡಿಯ ಬೆಳಕಿನಲ್ಲಿ ದಿನಗಟ್ಟಲೆ ಕುಳಿತ ಗೆಡ್ಡೆಯೂ ಹಸಿರಾಗುತ್ತವೆ. ಆ ಹಸಿರು ಬಣ್ಣ ತಾನೇ ವಿಷವಲ್ಲ, ಆದರೆ ಅದೇ ಬೆಳಕಿಗೆ ಸೊಲನೈನ್ ಎಂಬ ಕಹಿ ವಿಷವೂ ಸಿಪ್ಪೆಯ ಕೆಳಗೆ ಹೆಚ್ಚಿರುತ್ತದೆ. ನೀರಿನ ಕುದಿತಕ್ಕೆ ಸೊಲನೈನ್ ನಾಶವಾಗುವುದಿಲ್ಲ. ಒಂದು ಕಡೆ ಮಾತ್ರ ಸ್ವಲ್ಪ ಹಸಿರಿದ್ದರೆ ಸಿಪ್ಪೆಯ ಜೊತೆಗೆ ದಪ್ಪವಾಗಿ ಕೆತ್ತಿ ತೆಗೆದು, ಮೊಳಕೆಯ ಕಣ್ಣುಗಳನ್ನು ಆಳವಾಗಿ ಕಿತ್ತು ಬಳಸಬಹುದು. ಪೂರ್ತಿ ಹಸಿರಾದದ್ದು, ಬೇಯಿಸಿದ ಮೇಲೂ ಕಹಿ ಅನಿಸಿದ್ದು ತಿನ್ನಲು ಯೋಗ್ಯವಲ್ಲ.

ಈ ಎರಡೂ ಅಲ್ಲದಿದ್ದರೆ ಕಹಿ ಬಹುತೇಕ ಒಲೆಯ ಮೇಲೆ ಹುಟ್ಟಿದ್ದು. ಬೆಳ್ಳುಳ್ಳಿ ಕಂದು ಬಣ್ಣ ದಾಟಿ ಸೀದಿರಬಹುದು, ಕಾಳುಮೆಣಸಿನ ಪುಡಿಯನ್ನು ಮೊದಲೇ ಹಾಕಿ ಅರ್ಧ ಗಂಟೆ ಕುದಿಸಿರಬಹುದು, ನಿಂಬೆಯ ಬೀಜ ಮಿಕ್ಸಿಯಲ್ಲಿ ರುಬ್ಬಿಹೋಗಿರಬಹುದು. ಮೆಣಸು ಬೆಳೆಯುವ ನಾಡಿನವರಾದ ನಾವೇ ಅದನ್ನು ಹೀಗೆ ಹಾಳುಮಾಡುವುದು ಬೇಸರದ ಸಂಗತಿ. ಮೆಣಸಿನ ಪರಿಮಳ ಆವಿಯಾಗಿ ಹೋಗುವ ಎಣ್ಣೆಗಳಲ್ಲಿದೆ. ಬಹಳ ಹೊತ್ತು ಕುದಿಸಿದರೆ ಆ ಪರಿಮಳ ಹಾರಿ ಖಾರ ಮತ್ತು ಕಮಟು ಮಾತ್ರ ಉಳಿಯುತ್ತದೆ. ಇಳಿಸಿದ ಮೇಲೆ ಕುಟ್ಟಿ ಹಾಕಿದರೆ ಅರ್ಧ ಅಳತೆ ಸಾಕು. ತಳ ಹಿಡಿದು ಕಹಿಯಾಗಿದ್ದರೆ ಸೌಟಿನಿಂದ ತಳ ಕೆದಕದೆ, ಮೇಲಿನ ಭಾಗವನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿಕೊಂಡು ರುಚಿ ನೋಡಿ. ಸೀದ ವಾಸನೆ ಅದರಲ್ಲೂ ಇಳಿದಿದ್ದರೆ ಉಳಿಸುವ ದಾರಿಯಿಲ್ಲ.

ಗಂಟಲು ಕೆರೆದರೆ ಕೇಳಬೇಕಾದ ಪ್ರಶ್ನೆ ಒಂದೇ: ಕೆಸುವಿನ ಸೊಪ್ಪು ಅಥವಾ ಗೆಡ್ಡೆ ಬಿದ್ದಿದೆಯೇ ಎಂಬುದು. ಅದರಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಹುಣಸೆಹುಳಿಯೊಂದಿಗೆ ಚೆನ್ನಾಗಿ ಬೇಯಿಸಿ ಪತ್ರೊಡೆ ಮಾಡುವ ಮನೆಗಳಿಗೆ ಇದು ಹೊಸತಲ್ಲ, ಆದರೆ ಹತ್ತು ನಿಮಿಷದ ಸೂಪಿಗೆ ಕೆಸು ಒಗ್ಗುವುದಿಲ್ಲ. ಮಳೆಗಾಲದಲ್ಲಿ ತೋಟದಂಚಿನಲ್ಲಿ ಏಳುವ ಅಣಬೆಯನ್ನು, ಖಚಿತವಾಗಿ ಗುರುತು ಬಲ್ಲವರು ಕಿತ್ತು ಕೊಟ್ಟದ್ದಲ್ಲದಿದ್ದರೆ, ಸೂಪಿನ ಪಾತ್ರೆಯ ಹತ್ತಿರವೂ ತರಬಾರದು.

ಎಷ್ಟು ಕುದಿಸಿದರೂ ತರಕಾರಿ, ಕಾಳು ಬೇಯದಿದ್ದರೆ

ಮಂಗಳೂರಿನ ನೆಂಟರು ಹೇಳಿದ ಹೊತ್ತಿಗೆ ಇಲ್ಲಿ ಬೇಳೆ ಬೇಯುವುದಿಲ್ಲ ಎಂಬ ದೂರಿಗೆ ಕಾರಣವಿದೆ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಪ್ರತಿ 300 ಮೀಟರಿಗೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿಯಷ್ಟು ಕಡಿಮೆಯಾಗುತ್ತದೆ. ಹಾಸನ, ಚಿಕ್ಕಮಗಳೂರು ಪಟ್ಟಣಗಳು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಒಂದು ಸಾವಿರ ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಾದರೆ 94 ಡಿಗ್ರಿಯ ಸುತ್ತಮುತ್ತ. ತೆರೆದ ಪಾತ್ರೆಯಲ್ಲಿ ಉರಿ ಎಷ್ಟೇ ದೊಡ್ಡದು ಮಾಡಿದರೂ ನೀರಿನ ಬಿಸಿ ಅದಕ್ಕಿಂತ ಮೇಲೇರದು, ಆರುವುದು ನೀರು ಮತ್ತು ಮುಗಿಯುವುದು ಗ್ಯಾಸ್ ಅಷ್ಟೇ. ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ, ಸ್ವಲ್ಪ ಹೆಚ್ಚು ಹೊತ್ತು ಬಿಡುವುದು ಒಂದು ದಾರಿ. ಕಾಳು, ಬೇಳೆಗಳನ್ನು ಮಾತ್ರ ಕುಕ್ಕರಿನಲ್ಲಿ ಬೇಯಿಸಿಕೊಂಡು ತರಕಾರಿಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸುವುದು ಅದಕ್ಕಿಂತ ಒಳ್ಳೆಯ ದಾರಿ. ಕುಕ್ಕರಿನೊಳಗೆ ಬಿಸಿ 120 ಡಿಗ್ರಿಯ ಹತ್ತಿರ ಹೋಗುವುದರಿಂದ ಎತ್ತರದ ತೊಂದರೆ ಅಲ್ಲಿ ಹೆಚ್ಚು ಬಾಧಿಸುವುದಿಲ್ಲ. ಬೇಳೆ ನೊರೆಯೇಳುವ ಪದಾರ್ಥವಾದ್ದರಿಂದ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು.

ಎತ್ತರ ಒಂದೇ ಕಾರಣವಾಗಿದ್ದರೆ ಎಲ್ಲವೂ ಸಮನಾಗಿ ತಡವಾಗಬೇಕು. ಗಜ್ಜರಿ ಮತ್ತು ಹುರುಳಿಕಾಯಿ ಮಾತ್ರ ಕರಕರ ಉಳಿದು ನೀರೆಲ್ಲ ಆರುತ್ತಿದ್ದರೆ ಹುಳಿಯನ್ನು ಅನುಮಾನಿಸಬೇಕು. ತರಕಾರಿಯ ಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗುವುದಿಲ್ಲ. ಟೊಮೆಟೊ, ಹುಣಸೆರಸಗಳನ್ನು ಆರಂಭದಲ್ಲೇ ಹಾಕಿದವರ ಪಾತ್ರೆಯಲ್ಲಿ ಕಾಳು ಒಂದು ಗಂಟೆಯಾದರೂ ಹಾಗೇ ನಿಲ್ಲುವುದು ಇದರಿಂದ. ಹಾಕಿಯಾಗಿದ್ದರೆ ಹಿಂದೆಗೆಯಲು ಬರುವುದಿಲ್ಲ, ಅಷ್ಟನ್ನೂ ಕುಕ್ಕರಿಗೆ ಬಗ್ಗಿಸಿ ಎರಡು ಕೂಗು ಕೂಗಿಸುವುದೇ ಪರಿಹಾರ.

ಹುಳಿಯೂ ಬಿದ್ದಿಲ್ಲ, ಆದರೂ ಬೇಯುತ್ತಿಲ್ಲ ಎಂದರೆ ನೀರನ್ನು ನೋಡಿ. ಅರಸೀಕೆರೆ, ಕಡೂರಿನಂಥ ಬಯಲುಸೀಮೆಯ ಕಡೆ ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳು ಬಹಳ. ಆ ನೀರಿನಲ್ಲಿರುವ ಕ್ಯಾಲ್ಸಿಯಂ ಪೆಕ್ಟಿನನ್ನು ಇನ್ನಷ್ಟು ಬಿಗಿಯಾಗಿ ಕಟ್ಟುತ್ತದೆ. ಪಾತ್ರೆಯ ಒಳಮೈಯಲ್ಲಿ ಬಿಳಿಯ ಪೊರೆ ಕಟ್ಟುವ ಮನೆಯಲ್ಲಿ ಈ ಕಾರಣ ಇದ್ದೇ ಇರುತ್ತದೆ. ನೀರನ್ನು ಮೊದಲು ಚೆನ್ನಾಗಿ ಕುದಿಸಿ, ತಣಿಯಲು ಬಿಟ್ಟು, ತಳದ ಗಷ್ಟು ಕಲಕದಂತೆ ಮೇಲಿನದ್ದನ್ನು ಬಸಿದುಕೊಂಡರೆ ಗಡಸುತನ ಒಂದು ಮಟ್ಟಿಗೆ ತಗ್ಗುತ್ತದೆ. ಶುದ್ಧೀಕರಣ ಘಟಕದ ಕುಡಿಯುವ ನೀರಿನಲ್ಲೇ ಸೂಪ್ ಮಾಡಿದರೆ ಸಮಸ್ಯೆಯೇ ಇರುವುದಿಲ್ಲ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಅದು ಸಿ ಜೀವಸತ್ವವನ್ನೂ ಥಯಾಮಿನ್ ಎಂಬ ಬಿ ಜೀವಸತ್ವವನ್ನೂ ಹಾಳುಮಾಡುತ್ತದೆ. ಆರೋಗ್ಯಕ್ಕೆಂದು ಮಾಡುವ ಸೂಪಿಗೆ ಅದನ್ನು ಹಾಕುವುದು ಸರಿಯಲ್ಲ.

ಉಳಿದದ್ದು ಕಾಳಿನ ವಯಸ್ಸು. ಮಲೆನಾಡಿನ ತೇವದಲ್ಲಿ ಒಂದೆರಡು ಮಳೆಗಾಲ ಕಳೆದ ಕಾಳು ರಾತ್ರಿಯಿಡೀ ನೆನೆದರೂ ಮೆತ್ತಗಾಗದಿರಬಹುದು. ಅದನ್ನು ಬಿಟ್ಟು ಸೂಪಿಗೆ ಹೊಸ ಕಾಳು ತರುವುದೇ ಲೇಸು. ಕೆಂಪು ರಾಜ್ಮಾವನ್ನಂತೂ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಪೂರ್ತಿ ಬೇಯಿಸಬೇಕು; ಅರೆಬೆಂದ ರಾಜ್ಮಾ ವಾಂತಿ ತರಿಸುತ್ತದೆ.

ಸಪ್ಪೆ, ಅಥವಾ ಉಪ್ಪುಪ್ಪು

ಸಪ್ಪೆಯೆನಿಸುವ ಸೂಪಿನಲ್ಲಿ ಉಪ್ಪಿಗಿಂತ ಹುಳಿಯ ಕೊರತೆಯೇ ಹೆಚ್ಚಾಗಿರುತ್ತದೆ. ಮೂರು ಬಟ್ಟಲ ಪರೀಕ್ಷೆ ಇದನ್ನು ತೋರಿಸಿಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂದು ಸಲಹೆ ಮಾಡುತ್ತದೆ. ಮಟ್ಟಸವಾಗಿ ತುಂಬಿದ ಒಂದು ಸಣ್ಣ ಚಮಚದಲ್ಲಿ ಹಿಡಿಯುವುದೇ ಅಷ್ಟು. ಒಂದು ಲೀಟರಿಗೆ ಆ ಒಂದು ಚಮಚ ಮೇಲ್ಮಿತಿಯಾಗಿರಲಿ, ಸಾಧ್ಯವಾದರೆ ಮುಕ್ಕಾಲು ಸಾಕು. ಅಂಗಡಿಯ ಸೂಪ್ ಪುಡಿ, ಸೂಪ್ ಕ್ಯೂಬ್‌ಗಳಲ್ಲಿ ಉಪ್ಪು ಧಾರಾಳವಾಗಿರುವುದರಿಂದ ಅವನ್ನು ಹಾಕಿದ ಮೇಲೆ ಮತ್ತೆ ಉಪ್ಪು ಹಾಕಿದವರ ಸೂಪ್ ಬಾಯಿಗಿಡಲಾಗದಂತಾಗುತ್ತದೆ. ಈರುಳ್ಳಿಯನ್ನು ಅವಸರವಿಲ್ಲದೆ ಬಾಡಿಸಿದ್ದರೆ ಅಂಥ ಪುಡಿಯ ಅಗತ್ಯವೇ ಬೀಳುವುದಿಲ್ಲ.

ಉಪ್ಪು ಹೆಚ್ಚಾದಾಗ ಇಡೀ ಆಲೂಗಡ್ಡೆ ಹಾಕಿ ತೆಗೆಯುವ ವಾಡಿಕೆ ನಮ್ಮಲ್ಲಿ ಬಲವಾಗಿದೆ. ಆಲೂಗಡ್ಡೆ ಉಪ್ಪನ್ನು ಆರಿಸಿ ಹೀರುವುದಿಲ್ಲ, ಉಪ್ಪುನೀರನ್ನೇ ಹೀರುತ್ತದೆ. ಪಾತ್ರೆಯಲ್ಲಿ ಉಳಿದ ನೀರು ಮೊದಲಿನಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದೆ ಬೇಯಿಸಿದ ತರಕಾರಿ ಅಥವಾ ಬೇಳೆಕಟ್ಟನ್ನು ಸೇರಿಸಿ ಪ್ರಮಾಣ ಹೆಚ್ಚಿಸುವುದೊಂದೇ ನಿಜವಾದ ಪರಿಹಾರ.

ನೀರುನೀರು, ಗಂಟು, ಗೋಂದಿನಂಥ ಅಂಟು

ಕಾರ್ನ್‌ಫ್ಲೋರನ್ನಾಗಲಿ ರಾಗಿಹಿಟ್ಟನ್ನಾಗಲಿ ಕುದಿಯುವ ಸೂಪಿಗೆ ನೇರವಾಗಿ ಸುರಿದರೆ ಪ್ರತಿ ಉಂಡೆಯ ಹೊರಮೈ ಕೂಡಲೇ ಬೆಂದು ಒಳಗೆ ನೀರು ಹೋಗದಂತೆ ತಡೆಯುತ್ತದೆ, ಆದ್ದರಿಂದ ಗಂಟು. ಲೀಟರಿಗೆ ಎರಡು ದೊಡ್ಡ ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಕದಡಿ, ಸೂಪನ್ನು ತಿರುವುತ್ತ ಹೊಯ್ದು, ಮತ್ತೆ ಕುದಿ ಬರುವವರೆಗೆ ಬಿಡಬೇಕು. ಕುದಿ ಬಾರದ ಮೊದಲೇ ಇಳಿಸಿದರೆ ಹಸಿ ವಾಸನೆ ಉಳಿಯುತ್ತದೆ. ನಮ್ಮ ಭಾಗದಲ್ಲಿ ಕಾರ್ನ್‌ಫ್ಲೋರ್ ಬದಲು ರಾಗಿಹಿಟ್ಟನ್ನೇ ಬಳಸಬೇಕೆಂಬುದು ನನ್ನ ಒತ್ತಾಯ: ಅದರಲ್ಲಿ ಕ್ಯಾಲ್ಸಿಯಂ, ನಾರು ಎರಡೂ ಇವೆ, ಅಂಬಲಿ ಕುಡಿದ ನಾಲಿಗೆಗೆ ರುಚಿಯೂ ಪರಿಚಿತ. ರಾಗಿ ಹಾಕಿದ ಸೂಪ್ ಆರುತ್ತ ಇನ್ನಷ್ಟು ಗಟ್ಟಿಯಾಗುವುದರಿಂದ ಒಲೆಯ ಮೇಲಿರುವಾಗ ಸ್ವಲ್ಪ ತೆಳುವಾಗಿಯೇ ಇರಲಿ.

ರಾತ್ರಿ ಗಟ್ಟಿಯಾಗಿದ್ದ ಸೂಪ್ ಬೆಳಿಗ್ಗೆ ನೀರಾಗಿದ್ದರೆ, ರುಚಿ ನೋಡಿದ ಚಮಚ ಮತ್ತೆ ಪಾತ್ರೆಗೆ ಹೋಗಿರಬಹುದು. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಎಂಜಲು ಸೌಟು ಪಾತ್ರೆಗೆ ಮುಟ್ಟಬಾರದು ಎಂದು ಮನೆಯ ಹಿರಿಯರು ಪಟ್ಟು ಹಿಡಿಯುವುದು ಸೂಪಿನ ಮಟ್ಟಿಗಂತೂ ಪೂರ್ತಿ ಸರಿ.

ಆಲೂಗಡ್ಡೆ ಸೂಪ್ ಮಿಕ್ಸಿಗೆ ಹೋಗಿ ಗೋಂದಾಗುವುದು ಇನ್ನೊಂದು ದೂರು. ಮಿಕ್ಸಿಯ ಬ್ಲೇಡು ಬೆಂದ ಆಲೂಗಡ್ಡೆಯ ಕೋಶಗಳನ್ನು ಹರಿದು ಪಿಷ್ಟವನ್ನೆಲ್ಲ ಹೊರಗೆ ಚೆಲ್ಲುತ್ತದೆ. ಆಲೂಗಡ್ಡೆಯನ್ನು ಕಡೆಗೋಲಿನಿಂದ ಮಸೆದು ಅಥವಾ ಜರಡಿಯಲ್ಲಿ ಉಜ್ಜಿ ಸೇರಿಸಿ, ಉಳಿದ ತರಕಾರಿಯನ್ನು ಮಾತ್ರ ರುಬ್ಬಬೇಕು. ರುಬ್ಬುವ ಮೊದಲು ಸೂಪ್ ಉಗುರುಬೆಚ್ಚಗಾಗಲೇಬೇಕು. ಕುದಿಯುವುದನ್ನು ಜಾರಿಗೆ ತುಂಬಿ ಮುಚ್ಚಿದರೆ ಆವಿಯ ಒತ್ತಡಕ್ಕೆ ಮುಚ್ಚಳ ಹಾರಿ ಮುಖ, ಕೈ ಸುಡುತ್ತದೆ.

ಟೊಮೆಟೊ ಸೂಪಿಗೆ ಹಾಕಿದ ಹಾಲು ಒಡೆದರೆ ಕಾರಣ ಹುಳಿ ಮತ್ತು ಬಿಸಿ ಎರಡೂ ಒಟ್ಟಿಗೆ ಸಿಕ್ಕಿದ್ದು. ಒಡೆದದ್ದು ಕೂಡುವುದಿಲ್ಲ, ಕುಡಿಯಲು ಅಡ್ಡಿಯೂ ಇಲ್ಲ. ಮುಂದಿನ ಸಲ ಹಾಲಿಗೆ ಒಂದು ಚಮಚ ಹಿಟ್ಟು ಕದಡಿ ಕುದಿಸಿಕೊಂಡು, ಒಲೆ ಆರಿಸಿದ ಮೇಲೆ ಟೊಮೆಟೊ ಸೂಪನ್ನು ಅದಕ್ಕೆ ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ತೆಂಗಿನಹಾಲಾದರೆ ಎರಡನೆಯ ಹಾಲನ್ನು ಕುದಿಯುವಾಗ, ಮೊದಲ ಹಾಲನ್ನು ಇಳಿಸಿದ ಮೇಲೆ.

ಬಣ್ಣ ಮತ್ತು ವಾಸನೆ

ಸೊಪ್ಪು ಕಂದಾದರೆ ಅದು ಹುಳಿಯಲ್ಲಿ ಅಥವಾ ಬಹಳ ಹೊತ್ತು ಬೆಂದಿದೆ. ಪತ್ರಹರಿತ್ತಿನೊಳಗಿನ ಮೆಗ್ನೀಷಿಯಂ ಜಾಗ ಬಿಟ್ಟೊಡನೆ ಹಸಿರು ಮಾಸುತ್ತದೆ. ಮುಚ್ಚಳ ತೆಗೆದು ಕೊನೆಯ ಎರಡು ನಿಮಿಷ ಬೇಯಿಸಿದರೆ ಸಾಕು. ಎಲೆಕೋಸು, ನವಿಲುಕೋಸು, ಮೂಲಂಗಿ ಹಾಕಿದ ಸೂಪ್ ಕೊಳೆತಂತೆ ನಾರಿದರೆ ಅವೂ ಹೆಚ್ಚು ಬೆಂದಿವೆ ಎಂದೇ ಅರ್ಥ. ಅವುಗಳೊಳಗಿನ ಗಂಧಕದ ಸಂಯುಕ್ತಗಳು ಕುದಿದಷ್ಟೂ ಹೊರಬರುತ್ತವೆ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಹಾಕಿ ಮಾಡಿದ ಸೂಪ್ ಕಪ್ಪಾಗುವುದು ಸಹಜ. ಸೂಪಿಗೆ ಸ್ಟೀಲ್ ಪಾತ್ರೆಯೇ ಒಳ್ಳೆಯದು.

ಕುಡಿದ ಅರ್ಧ ಗಂಟೆಗೆ ಹಸಿವಾದರೆ

ಇದನ್ನು ದೋಷವೆಂದು ಯಾರೂ ಎಣಿಸುವುದಿಲ್ಲ, ಆದರೆ ಆರೋಗ್ಯದ ದೃಷ್ಟಿಯಿಂದ ದೊಡ್ಡ ದೋಷ ಇದೇ. ತೂಕ ಇಳಿಸಬೇಕೆಂದು ರಾತ್ರಿಯೂಟದ ಬದಲು ಬರಿಯ ತರಕಾರಿ ನೀರನ್ನು ಕುಡಿದವರು ಹತ್ತು ಗಂಟೆಗೆ ಚಕ್ಕುಲಿ ಡಬ್ಬಿ ತೆಗೆಯುತ್ತಾರೆ. ಅಂಥ ಸೂಪಿನಲ್ಲಿ ಪ್ರೋಟೀನ್ ಇಲ್ಲ, ಸೋಸಿ ಕುಡಿದರೆ ನಾರೂ ಇಲ್ಲ. ಹಿಡಿ ಹೆಸರುಬೇಳೆ, ಚಳಿಗಾಲವಾದರೆ ಹಸಿ ಅವರೆಕಾಳು, ಇಲ್ಲವೇ ಮೊಳಕೆ ಹುರುಳಿ ಸೇರಿದರೆ ಸೂಪ್ ಊಟಕ್ಕೆ ಸಮನಾಗುತ್ತದೆ. ಎಣ್ಣೆ ತುಪ್ಪವನ್ನು ಪೂರ್ತಿ ಬಿಡುವುದೂ ತಪ್ಪು. ಗಜ್ಜರಿ, ಸಿಹಿಗುಂಬಳ, ನುಗ್ಗೆಸೊಪ್ಪುಗಳ ಕ್ಯಾರೊಟಿನ್ ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕು. ಸಿ ಜೀವಸತ್ವ ನೀರಿನಲ್ಲಿ ಕರಗುವಂಥದ್ದು, ಆದ್ದರಿಂದ ತರಕಾರಿಯನ್ನು ತೊಳೆದು ಹೆಚ್ಚಬೇಕೇ ಹೊರತು ಹೆಚ್ಚಿ ನೀರಿನಲ್ಲಿ ನೆನೆಹಾಕಬಾರದು. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಪಥ್ಯದಲ್ಲಿರುವವರು ಮಾತ್ರ ತರಕಾರಿ ಸೂಪನ್ನು ವೈದ್ಯರನ್ನು ಕೇಳದೆ ಕುಡಿಯಬಾರದು, ಏಕೆಂದರೆ ಆ ಲವಣವೂ ನೀರಿಗೇ ಇಳಿದಿರುತ್ತದೆ.

ಬೆಳಗಾಗುವುದರೊಳಗೆ ಹಳಸಿದರೆ

ಚಳಿಯ ಊರು, ಹೊರಗಿಟ್ಟರೂ ಕೆಡುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. 5ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ಬೆಳೆಯುತ್ತವೆ. ಮಲೆನಾಡಿನ ಮಳೆಗಾಲದ ಅಡುಗೆಮನೆಯೂ ಆ ಮಿತಿಯೊಳಗೇ ಇದೆ. ಬೇಳೆ, ಹಿಟ್ಟು ಬಿದ್ದ ಸೂಪಿನಲ್ಲಿ ಅವು ಇನ್ನೂ ಚೆನ್ನಾಗಿ ಬೆಳೆಯುತ್ತವೆ. ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟ ಸೂಪಿನ ನಡುಭಾಗ ತಣಿಯಲು ಹಲವು ಗಂಟೆ ಹಿಡಿಯುತ್ತದೆ, ಹಳಸುವುದು ಅಲ್ಲಿಂದಲೇ. ಅಗಲವಾದ ಪಾತ್ರೆಗಳಿಗೆ ತೆಳುವಾಗಿ ಹಂಚಿ, ತಣ್ಣೀರಿನ ತಟ್ಟೆಯಲ್ಲಿಟ್ಟು ಆರಿಸಿ, ಇಳಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಬೇಕು. ಮರುದಿನ ಬೇಕಾದಷ್ಟನ್ನೇ ತೆಗೆದು ಉಕ್ಕುವಂತೆ ಕುದಿಸಿ ಕುಡಿಯಿರಿ. ಎರಡು ಮೂರು ದಿನ ದಾಟಿದ್ದನ್ನು, ಮೇಲೆ ಗುಳ್ಳೆಯೆದ್ದದ್ದನ್ನು, ಹುಳಿ ಹಾಕದಿದ್ದರೂ ಹುಳಿಯಾದದ್ದನ್ನು ಮತ್ತೆ ಕುದಿಸಿ ಉಳಿಸಲು ಹೋಗಬೇಡಿ. ಕೆಲವು ರೋಗಾಣುಗಳು ಬಿಟ್ಟ ವಿಷ ಕುದಿಸಿದರೂ ಉಳಿದಿರುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ, ಕರೆಂಟ್ ಹೋಗಿ ದಿನಗಟ್ಟಲೆ ಬಾರದ ಮಳೆಗಾಲದಲ್ಲಿ, ಒಂದು ಹೊತ್ತಿಗೆ ಆಗುವಷ್ಟನ್ನೇ ಮಾಡಿಕೊಳ್ಳುವುದು ಕ್ಷೇಮ. ಹೆಚ್ಚಿದ ತರಕಾರಿ ಮಿಕ್ಕರೆ ಅದು ಮರುಹೊತ್ತಿನ ಪಲ್ಯಕ್ಕೆ ಆಗುತ್ತದೆ.